ಎದ್ದು ನಿಂತ ಡಾಕ್ಟರು

‘ಶತಮಾನಗಳ ಹಿಂದೆ ಸ್ಕಾಟ್ಲೆಂಡಿನ ವೈದ್ಯನೊಬ್ಬ ನಾಡಿ ಹಿಡಿಯುವುದನ್ನು ಬಿಟ್ಟು ರಾಜಕಾರಣಕ್ಕೆ ಇಳಿದಂತೆ, ನಮ್ಮ ಡಾಕ್ಟರರೂ ಜನರ ಕರೆಗೆ ಓಗೊಟ್ಟು ಚುನಾವಣೆಗೆ ನಿಂತರು.’

ತೊಂಬತ್ತು ತುಂಬಿದ ಡಾಕ್ಟರರ ಸನ್ಮಾನಕ್ಕೆಂದು ಪುಣೆಯ ನಮ್ಮ ಕನ್ನಡ ಸಂಘ ಸಿದ್ಧಪಡಿಸಿದ ಸಂಚಿಕೆಯ ಮೊದಲ ವಾಕ್ಯವಿದು. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿತ್ತು.

ಸ್ಕಾಟ್ಲೆಂಡಿನವನನ್ನು ಯಾರು ಕರೆದರೋ, ಅವನಿಗೆ ಕೇಳಿಸಿದ್ದೇನೋ, ನಾನು ಹೇಳಲಾರೆ. ಇಲ್ಲಿನ ಕ್ಯಾಂಪ್ ಪೇಟೆಯ ಹಳೆಯ ಪುಸ್ತಕದಂಗಡಿಗಳಲ್ಲಿ ಅವನ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದಿದ್ದೇನೆ. ಅವೂ ‘ಕರೆ’ ಎಂದಷ್ಟೇ ಹೇಳಿ ಮುಂದೆ ಹೋಗುತ್ತವೆ. ನಮ್ಮ ಡಾಕ್ಟರರ ವಿಷಯ ಹಾಗಲ್ಲ. ನಾನು ಅವರ ದವಾಖಾನೆಯಲ್ಲಿ ಕಂಪೌಂಡರ್ ಆಗಿದ್ದೆ. ಕರೆ ಬಂದಾಗ ಕೆಮ್ಮಿನ ಔಷಧಿಯ ಶೀಷೆ ಹಿಡಿದು ಮೂರಡಿ ದೂರದಲ್ಲಿದ್ದೆ.

ಧಾರವಾಡದಿಂದ ಬಂದು ಹತ್ತು ವರ್ಷ ಕಳೆದಿದ್ದರೂ ಡಾಕ್ಟರರ ಮರಾಠಿ ಭಾಷೆ ದವಾಖಾನೆಯ ಹೊಸ್ತಿಲು ದಾಟಿರಲಿಲ್ಲ. ‘ಜೀಭ್ ದಾಖವಾ’ ಎಂದರೆ ರೋಗಿ ನಾಲಿಗೆ ತೋರಿಸಬೇಕು, ‘ಉಭೇ ರಾಹಾ’ ಎಂದರೆ ಎದ್ದು ನಿಲ್ಲಬೇಕು. ಇಂಥ ಏಳೆಂಟು ಅಪ್ಪಣೆಗಳಲ್ಲೇ ಅವರ ವೃತ್ತಿ ನಡೆಯುತ್ತಿತ್ತು. ಒಂದು ಬೆಳಿಗ್ಗೆ ವಾರ್ಡಿನ ಒಂಬತ್ತು ಜನ ಹಾರ, ಪೇಢೆಗಳೊಂದಿಗೆ ಒಳಬಂದು ಬಹಳ ಹೊತ್ತು ಮರಾಠಿಯಲ್ಲಿ ಮಾತನಾಡಿದರು. ಕೊನೆಗೆ ಹಿರಿಯರೊಬ್ಬರು ಕೈಮುಗಿದು, “ಡಾಕ್ಟರ್, ತುಮ್ಹೀ ಉಭೇ ರಾಹಾ” ಎಂದರು. ದಿನವೆಲ್ಲ ಆ ಮಾತನ್ನು ಪರರಿಗೆ ಹೇಳುತ್ತಿದ್ದ ಡಾಕ್ಟರರು, ತಮಗೇ ಯಾರೋ ಹೇಳಿದ್ದು ಅದೇ ಮೊದಲೆಂದು, ಮರ್ಯಾದೆಯಿಂದ ಎದ್ದು ನಿಂತರು. ಚಪ್ಪಾಳೆಯಾಯಿತು. ಕೊರಳಿಗೆ ಹಾರ ಬಿತ್ತು. ಡಾಕ್ಟರರು ಸೀನಿದರು.

ಬಂದವರು ಹೋದ ಮೇಲೆ ಅವರು ಇನ್ನೂ ನಿಂತೇ ಇದ್ದರು.

“ಯಾಕಪಾ, ನನ್ನ ಯಾಕ ಎಬ್ಬಿಸಿದ್ರು ಇವರು?”

“ಚುನಾವಣಿಗೆ ನಿಂದ್ರಿಸ್ಯಾರ್ರಿ, ಸಾಹೇಬ್ರ.”

“ಒಲ್ಲೆ ಅಂತ ಹೇಳಿ ಬಾ, ಓಡು.”

“ಹೊರಗ ಕೂತ ಪೇಶಂಟ್ ಎಲ್ಲಾರೂ ಪೇಢೆ ತಿಂದು ಮುಗಿಸ್ಯಾರ್ರಿ.”

ಅವರು ಮೆಲ್ಲಗೆ ಕುಳಿತರು. “ತಿಂದ ಪೇಢೆ ಹೊರಗ ತಗಿಯೋ ಔಷಧ ನನ್ನ ಕಡೆ ಇಲ್ಲ,” ಎಂದರು. ಹೀಗೆ ನಿಂತವರು ಗೆದ್ದರು.

ಇದನ್ನೆಲ್ಲ ಸಂಚಿಕೆಯ ಸಂಪಾದಕನಿಗೆ ಹೇಳಿದೆ. ಮೈಸೂರಿನ ಕಡೆಯ ಹುಡುಗ, ಕಂಪ್ಯೂಟರ್ ಕಂಪನಿಯಲ್ಲಿ ಕೆಲಸ. “ಸ್ಟೋರಿ ಸೂಪರ್ ಸರ್. ಆದ್ರೆ ಪ್ರೂಫ್ ಬೇಕಲ್ವಾ? ನಾಳೆ ಪ್ರಿಂಟಿಗೆ ಹೋಗತ್ತೆ,” ಎಂದ. ಒಮ್ಮೆ ಅಚ್ಚಾದರೆ, ಏನೂ ತಿಳಿಯದೆ ಎದ್ದು ನಿಂತು ಸೀನಿದ ಆ ಮನುಷ್ಯ ಉಳಿಯುವುದಿಲ್ಲ. ಕರೆಗೆ ಓಗೊಟ್ಟವರೊಬ್ಬರೇ ಉಳಿಯುತ್ತಾರೆ. ಅಂದೇ ಮಧ್ಯಾಹ್ನ ಡಾಕ್ಟರರ ಮನೆಗೆ ಹೋದೆ.

“ಮಂದಿ ನಿಂದ್ರು ಅಂದ್ರು, ನಾ ನಿಂತೆ. ಅದರಾಗ ಸುಳ್ಳೇನದ?” ಎಂದರು.

“ನೀವು ಕುರ್ಚಿಯಿಂದ ಎದ್ದು ನಿಂತಿದ್ರಿ, ಸಾಹೇಬ್ರ.”

“ಕುರ್ಚಿ ಬಿಡದೇ ಯಾವ ಚುನಾವಣಿಗೆ ನಿಂದ್ರಾಕ ಬರ್ತದೋ?”

ಎರಡು ಬಾರಿ ಗೆದ್ದವರೊಂದಿಗೆ ವಾದಿಸುವುದು ಸುಲಭವಲ್ಲ. ನಾನು ಅವರ ಕಪಾಟು ತೆರೆದು ಆ ವರ್ಷದ ರೋಗಿಗಳ ರಿಜಿಸ್ಟರ್ ಹುಡುಕಿ ತೆಗೆದೆ. ಮುಂದೆ ಕುಳಿತವರಿಗೆ ತಿಳಿಯದಿರಲೆಂದು ಅದನ್ನು ಅವರು ಕನ್ನಡದಲ್ಲಿ ಬರೆಯುತ್ತಿದ್ದರು. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

“ಅಕ್ಷರ ನಂದ ಅದ. ಏನು ಬರದದ್ದು ಅಂತ ಗೊತ್ತಾಗವಲ್ದು.”

ನಾನು ಓದಿದೆ, ಅವರ ಚೀಟಿ ಓದಿಯೇ ಹೊಟ್ಟೆ ಹೊರೆದವನು. ಅವರು ನಕ್ಕರು, ಕೆಮ್ಮು ಬರುವವರೆಗೆ ನಕ್ಕರು. ನಂತರ ರಾಜಕಾರಣಿಯ ತೀರ್ಪು ಕೊಟ್ಟರು: ಸಂಚಿಕೆಯ ವಾಕ್ಯ ಹಾಗೆಯೇ ಇರಲಿ, ರಿಜಿಸ್ಟರ್ ಸಂಘದ ಓದುಕೋಣೆಗೆ ಹೋಗಲಿ.

ಎರಡೂ ಹಾಗೆಯೇ ಆದವು. ರಿಜಿಸ್ಟರ್ ಈಗ ಕಿಟಕಿಯ ಪಕ್ಕದ ಕಪಾಟಿನಲ್ಲಿದೆ, ಬೀಗವಿಲ್ಲ. ಯಾರಾದರೂ ತೆರೆಯಬಹುದು; ತುಸು ತಾಳ್ಮೆಯಿದ್ದರೆ ಓದಲೂಬಹುದು: ‘ಒಂಬತ್ತು ಮಂದಿ. ತಕರಾರು ಏನೆಂದು ತಿಳಿಯಲಿಲ್ಲ. ಎದ್ದು ನಿಲ್ಲಲು ಹೇಳಿದರು, ನಿಂತೆ. ಹೂವಿನಿಂದ ಸೀನು. ಔಷಧಿ ಕೊಟ್ಟಿಲ್ಲ.’