ತಾರಸಿಯ ಮೇಲೆ ಎರೆ ಮಣ್ಣು

ಬೆಂಗಳೂರಿಗೆ ಬಂದ ಎಂಟನೆಯ ತಿಂಗಳಲ್ಲಿ ನಾನು ಮಣ್ಣಿನ ಚೀಲದ ಮೇಲೆ ಎಕ್ಸ್‌ಪೈರಿ ಡೇಟ್ ಹುಡುಕಿದೆ. ಜೆ.ಪಿ. ನಗರದ ಒಂದು ನರ್ಸರಿಯಲ್ಲಿ ಅಕ್ಕಿ ಚೀಲಗಳ ಹಾಗೆ ಮಣ್ಣಿನ ಚೀಲಗಳನ್ನು ಒಟ್ಟಿದ್ದರು. ಹೊರಗೆ ಕೆಂಪು ಟೊಮೆಟೊ ಚಿತ್ರ, ಒಳಗೆ ಮಣ್ಣು. ನಾನು ಚೀಲವನ್ನು ತಿರುಗಿಸಿ ಮುರುಗಿಸಿ ನೋಡುತ್ತಿದ್ದಾಗ ನರ್ಸರಿಯವನು ಹತ್ತಿರ ಬಂದು, "ಅದು ಮಣ್ಣು ಸಾರ್, ಬ್ರೆಡ್ಡಲ್ಲ. ಕೆಟ್ಟೋಗಲ್ಲ" ಎಂದ. ಎತ್ತಿ ನೋಡಿದರೆ ಅವಲಕ್ಕಿ ಚೀಲದಷ್ಟು ಹಗುರ. ಮೂರರಲ್ಲೊಂದು ಪಾಲು ಮಾತ್ರ ಕೆಂಪು ಮಣ್ಣಂತೆ, ಉಳಿದದ್ದು ತೆಂಗಿನ ನಾರಿನ ಪುಡಿ ಮತ್ತು ಗೊಬ್ಬರ. ಇಷ್ಟು ಹಗುರಾದದ್ದು ಮಣ್ಣು ಹೇಗಾದೀತು ಎಂದು ಅದನ್ನು ಅಲ್ಲೇ ಇಟ್ಟು ಬಂದೆ. ನನ್ನ ತಪ್ಪುಗಳೆಲ್ಲ ಅಲ್ಲಿಂದ ಶುರುವಾದವು.

ಗದಗಿನಲ್ಲಿ ನನ್ನನ್ನು ಬಲ್ಲವರಿಗೆ ನಾನು ಫೋಟೋ ಸ್ಟುಡಿಯೋದವನು. ಇಪ್ಪತ್ತಾರು ವರ್ಷ ಊರಿನ ಜನರಿಗೆ "ಸ್ವಲ್ಪ ನಗ್ರಿ" ಎಂದು ಹೇಳಿ ಹೊಟ್ಟೆ ಹೊರೆದೆ. ಎಲ್ಲರ ಕೈಗೂ ಫೋನ್ ಬಂದ ಮೇಲೆ ಪಾಸ್‌ಪೋರ್ಟ್ ಸೈಜಿನವರು ಮಾತ್ರ ಉಳಿದರು, ಕೊನೆಗೆ ಅವರೂ ಇಲ್ಲವಾದರು. ಅಷ್ಟರಲ್ಲಿ ಬ್ಯಾಂಕಿನಲ್ಲಿರುವ ನನ್ನ ಹೆಂಡತಿ ಶಶಿಕಲಾಗೆ ಬೆಂಗಳೂರಿಗೆ ವರ್ಗವಾಯಿತು. ಸ್ಟುಡಿಯೋ ಮುಚ್ಚಿ ನಾನು ಅವಳ ಹಿಂದೆ ಬಂದೆ.

ಬಾಡಿಗೆ ಮನೆ ಹುಡುಕಲು ಆರು ವಾರ ಹಿಡಿಯಿತು. ಹೋದಲ್ಲೆಲ್ಲ ಮನೆಯ ಮಾಲೀಕರು ಅವಳನ್ನೇ ಕೇಳುವರು: "ಮೇಡಂ ಬ್ಯಾಂಕು, ಸರಿ. ಸಾರ್ ಏನ್ ಕೆಲ್ಸ ಮಾಡ್ತಾರೆ?" ಐವತ್ಮೂರರ ಗಂಡಸು ಏನೂ ಮಾಡುವುದಿಲ್ಲ ಎಂದರೆ ಯಾರಿಗೂ ನಂಬಿಕೆ ಬರುತ್ತಿರಲಿಲ್ಲ. ಕೊನೆಗೆ ಗಿರಿನಗರದಲ್ಲಿ ಒಬ್ಬರು ಒಪ್ಪಿದರು. ನಿವೃತ್ತ ಶಾಲಾ ಶಿಕ್ಷಕಿ, ಹೆಸರು ವನಮಾಲಾ. ಕೆಳಗೆ ಅವರು, ಮೇಲಿನ ಮಹಡಿಯಲ್ಲಿ ನಾವು, ನಮ್ಮ ತಲೆಯ ಮೇಲೆ ತಾರಸಿ. ನನಗೆ ಕೆಲಸವಿಲ್ಲ ಎಂದು ಕೇಳಿ ಅವರು, "ಒಳ್ಳೇದೇ ಆಯ್ತು, ನೀರು ಬಂದಾಗ ಸಂಪ್ ನೋಡ್ಕೊಳ್ಳೋಕೆ ಮನೇಲಿ ಒಬ್ರು ಇರ್ತಾರೆ" ಎಂದರು. ಸಂಪ್ ಎಂದರೆ ಅಂಗಳದಡಿಯ ನೀರಿನ ತೊಟ್ಟಿ. ನಮ್ಮಲ್ಲಿ ನೀರು ವಾರಗಟ್ಟಲೆ ಬಾರದಿದ್ದರೆ ಚಿಂತೆ, ಇಲ್ಲಿ ಬಂದ ನೀರು ತುಂಬಿ ಹರಿದರೂ ಚಿಂತೆ. ಹೀಗೆ ನನಗೊಂದು ಉದ್ಯೋಗ ಸಿಕ್ಕಿತು.

ಅವರನ್ನು ಎಲ್ಲರೂ ಆಂಟಿ ಎನ್ನುತ್ತಾರೆ. ನಮ್ಮೂರಲ್ಲಾದರೆ ಆ ವಯಸ್ಸಿನವರನ್ನು ಅಕ್ಕಾರ ಎಂದು ಕರೆಯುತ್ತಿದ್ದೆ. ನೆರೆತ ತಲೆಯ ನಾನು ಇನ್ನೊಂದು ನೆರೆತ ತಲೆಗೆ ಆಂಟಿ ಎನ್ನಲು ಎರಡು ತಿಂಗಳು ಹಿಡಿಯಿತು.

ಈ ಮನೆ ನಮಗೆ ಯಾಕೆ ಬೇಕಾಗಿತ್ತು ಎಂಬುದನ್ನು ಹೇಳಿಬಿಡುತ್ತೇನೆ. ಶಶಿಕಲಾಳ ಬ್ಯಾಂಕು ಇಲ್ಲಿಂದ ಹತ್ತು ನಿಮಿಷದ ನಡಿಗೆ. ಊರಿನಲ್ಲಿ ಅವಳು ದಿನವೂ ಬಸ್ಸು ಹಿಡಿದು ಹಳ್ಳಿಯ ಶಾಖೆಗೆ ಹೋಗಿ ದೀಪ ಹಚ್ಚುವ ಹೊತ್ತಿಗೆ ಬರುತ್ತಿದ್ದಳು. ಮದುವೆಯಾಗಿ ಇಷ್ಟು ವರ್ಷಕ್ಕೆ, ವಾರದ ದಿನ ಮಧ್ಯಾಹ್ನ ನಾವಿಬ್ಬರೂ ಎದುರು ಬದುರು ಕೂತು ರೊಟ್ಟಿ ತಿಂದದ್ದು ಈ ಮನೆಯಲ್ಲೇ ಮೊದಲು. ಇದು ಕೈತಪ್ಪೀತು ಎಂಬ ಅಂಜಿಕೆ ನನಗೆ ಮೊದಲ ದಿನದಿಂದಲೇ ಇತ್ತು.

ಹಾಗಿದ್ದೂ ತೋಟದ ಹುಚ್ಚು ಹತ್ತಿತು. ಎದುರು ಮನೆಯ ತಾರಸಿಯಲ್ಲಿ ರೈಸ್ಡ್ ಬೆಡ್ ಮಾಡಿದ್ದರು. ನಾಲ್ಕು ಕಡೆ ಮೊಳಕಾಲೆತ್ತರ ಗೋಡೆ ಕಟ್ಟಿ, ಒಳಗೆ ಮಣ್ಣು ತುಂಬಿ ತರಕಾರಿ ಬೆಳೆಯುವ ಎತ್ತರದ ಮಡಿ. ಆಂಟಿಯನ್ನು ಕೇಳಿದೆ. "ಧಾರಾಳವಾಗಿ ಮಾಡ್ಕೊಳ್ಳಿ. ಆದ್ರೆ ಒಂದ್ ಹನಿ ಸೀಪೇಜ್ ಆದ್ರೂ ಮನೆ ಖಾಲಿ ಮಾಡ್ಸ್ತೀನಿ. ಆಮೇಲೆ ಬೇಜಾರ್ ಮಾಡ್ಕೋಬೇಡಿ, ಮೊದ್ಲೇ ಹೇಳಿದೀನಿ" ಎಂದರು. ನೀರು ಜಿನುಗಿ ಗೋಡೆ, ಛಾವಣಿ ತೇವವಾಗುವುದಕ್ಕೆ ಇಲ್ಲಿ ಸೀಪೇಜ್ ಎನ್ನುತ್ತಾರೆ. ಈ ಊರಿನ ಮನೆ ಮಾಲೀಕರು ಕಳ್ಳರಿಗಿಂತ ಅದಕ್ಕೇ ಹೆಚ್ಚು ಹೆದರುತ್ತಾರೆ.

ಚೀಲದ ಮಣ್ಣು ಬೇಡವೆಂದ ಮೇಲೆ ನಮ್ಮ ಕಡೆಯ ಕಪ್ಪು ಎರೆ ಮಣ್ಣು ನೆನಪಾಯಿತು. ನಿಜ ಹೇಳಬೇಕೆಂದರೆ ಊರಿನಲ್ಲಿದ್ದಾಗ ನನಗೆ ಆ ಮಣ್ಣಿನ ಮೇಲೆ ಯಾವ ಪ್ರೀತಿಯೂ ಇರಲಿಲ್ಲ. ಮಳೆಗಾಲದಲ್ಲಿ ಗಿರಾಕಿಗಳು ಚಪ್ಪಲಿಗೆ ಅಂಟಿಸಿಕೊಂಡು ಬಂದು ಸ್ಟುಡಿಯೋ ನೆಲ ಹಾಳುಮಾಡುತ್ತಾರೆಂದು ಬೈದುಕೊಳ್ಳುತ್ತಿದ್ದೆ. ಒಂದು ದಿನವೂ ಸಲಿಕೆ ಹಿಡಿದವನಲ್ಲ. ಬೆಂಗಳೂರಿಗೆ ಬಂದ ಮೇಲೆ ಮಾತ್ರ, ಯಾರಾದರೂ ಊರು ಕೇಳಿದರೆ "ನಮ್ಮದು ಎರೆ ಸೀಮೆ, ಬಂಗಾರದಂಥ ಭೂಮಿ" ಎನ್ನಲು ಕಲಿತಿದ್ದೆ.

ಕಾಕನ ಮಗ ಈರಣ್ಣನಿಗೆ ಫೋನ್ ಮಾಡಿದೆ. ಅವನ ಹೊಲದ ಉಳ್ಳಾಗಡ್ಡಿ, ಇಲ್ಲಿಯವರ ಈರುಳ್ಳಿ, ಲಾರಿಯಲ್ಲಿ ಬೆಂಗಳೂರಿಗೆ ಬರುತ್ತದೆ. "ಅಲ್ಲೋ, ಬೆಂಗಳೂರಾಗ ಮಣ್ಣ ಇಲ್ಲೇನು?" ಎಂದು ನಕ್ಕ. ಆದರೂ ಹದಿನೆಂಟು ಚೀಲ ತುಂಬಿ ಕಳಿಸಿದ. ಮಾರ್ಕೆಟ್ಟಿನಿಂದ ಗೂಡ್ಸ್ ಆಟೋದಲ್ಲಿ ತಂದು, ಎರಡು ಮಹಡಿ ಮೆಟ್ಟಿಲು ಬುಟ್ಟಿ ಬುಟ್ಟಿಯಾಗಿ ನಾನೇ ಹತ್ತಿಸಿದೆ. ಮೂರನೆಯ ದಿನ ಸೊಂಟ ಹಿಡಿದರೂ ಏನೋ ಗೆದ್ದ ಹಾಗಿತ್ತು.

ಸೀಪೇಜಿನ ಭಯದಿಂದ ಇನ್ನೊಂದು ಜಾಣತನ ಮಾಡಿದೆ. ಸಿಮೆಂಟ್ ಬ್ಲಾಕುಗಳನ್ನು ಗಾರೆಯಿಲ್ಲದೆ ಒಂದರ ಮೇಲೊಂದು ಜೋಡಿಸಿ, ಒಳಗೆ ದಪ್ಪ ಪ್ಲಾಸ್ಟಿಕ್ ತಾಡಪತ್ರಿ ಹಾಸಿದೆ. ನೀರು ಬಸಿದು ಹೋಗಲು ತಾಡಪತ್ರಿಗೆ ತೂತು ಮಾಡಬೇಕೆಂದು ನೋಡಿದ ವಿಡಿಯೋಗಳೆಲ್ಲ ಹೇಳುತ್ತಿದ್ದವು. ತೂತು ಮಾಡಿದರೆ ತಾರಸಿಗೆ ನೀರು ಇಳಿಯುತ್ತದಲ್ಲ ಎಂದು ಒಂದೂ ಮಾಡಲಿಲ್ಲ. ಮೆಂತ್ಯ, ಮೂಲಂಗಿ, ಪುಂಡಿ ಸೊಪ್ಪಿನ ಬೀಜ ಹಾಕಿ, ಮೊಳಕೆ ಬಂತೋ ಇಲ್ಲವೋ ಎಂದು ದಿನಾ ಕೆದಕಿ ನೋಡಿ ಮತ್ತೆ ಮುಚ್ಚುತ್ತಿದ್ದೆ. ಅಷ್ಟು ಕಾಟ ತಡೆದುಕೊಂಡು ಮೆಂತ್ಯ ಮೇಲೆ ಬಂತು. ಆ ದಿನ ಬ್ಯಾಂಕಿನಲ್ಲಿದ್ದ ಶಶಿಕಲಾಗೆ ಫೋಟೋ ಕಳಿಸಿದೆ.

ಆಗಸ್ಟಿನಲ್ಲಿ ಮಳೆ ಹಿಡಿಯಿತು. ನಮ್ಮಲ್ಲಿ ಮಳೆ ಬಂದರೆ ಬಂತು, ಮರುದಿನ ಬಿಸಿಲು. ಇಲ್ಲಿ ಸಂಜೆಯಾದರೆ ಸಾಕು, ದಿನವೂ ಸುರಿಯುತ್ತದೆ, ಮಧ್ಯೆ ಮೋಡ ಸರಿಯುವುದೇ ಇಲ್ಲ. ಮಡಿಯಲ್ಲಿ ನೀರು ನಿಂತು ಮೆಂತ್ಯ ಹಳದಿಯಾಯಿತು. ಎರೆ ಮಣ್ಣು ನೀರು ಕುಡಿದರೆ ಉಬ್ಬುತ್ತದೆ ಎಂಬುದು ಹೊಲ ಕಂಡ ಯಾರಿಗಾದರೂ ಗೊತ್ತು. ನನಗೆ ಗೊತ್ತಾದದ್ದು ಒಂದು ಬೆಳಿಗ್ಗೆ ಮೂಲೆಯ ಬ್ಲಾಕುಗಳು ಹೊರಗೆ ಸರಿದು, ತಾಡಪತ್ರಿ ಹರಿದು, ಕಪ್ಪು ರಾಡಿ ತಾರಸಿಯ ನೀರಿನ ತೂಬಿಗೆ ಮೆತ್ತಿಕೊಂಡದ್ದನ್ನು ಕಂಡಾಗ. ಪಾದ ಮುಳುಗುವಷ್ಟು ನೀರು ನಿಂತಿತ್ತು. ಕೈಯಿಂದಲೇ ರಾಡಿ ಬಳಿದು ತೂಬು ಬಿಡಿಸಿದೆ, ಬ್ಲಾಕುಗಳನ್ನು ದೂಡಿ ಒಳಗೆ ಸೇರಿಸಿದೆ. ಯಾರಿಗೂ ಹೇಳಲಿಲ್ಲ. ರಾತ್ರಿ ಮಳೆ ಬಂದು ಅವು ಮತ್ತೆ ಸರಿದವು.

ನಾಲ್ಕು ದಿನದ ಮೇಲೆ ಊಟ ಮುಗಿಸಿ ಮಲಗಿದ್ದಾಗ ನಮ್ಮ ಕೋಣೆಯ ಛಾವಣಿಯಲ್ಲಿ ಅಂಗೈಯಗಲದ ತೇವ ಕಂಡಿತು. ಸ್ಟೂಲ್ ಹತ್ತಿ ಅದರ ಸುತ್ತ ಪೆನ್ಸಿಲ್ ಗೆರೆ ಎಳೆದು ತಾರೀಖು ಬರೆದೆ. ಬೆಳೆಯದಿದ್ದರೆ ಚಿಂತೆಯಿಲ್ಲ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಅದು ಬೆಳೆಯಿತು. ಇನ್ನೊಂದು ಗೆರೆ, ಇನ್ನೊಂದು ತಾರೀಖು. ಆ ದಿನಗಳಲ್ಲಿ ಕೆಳಗೆ ಆಂಟಿಯ ಬಾಗಿಲು ಸದ್ದಾದರೂ ಬೆಚ್ಚುತ್ತಿದ್ದೆ. ಸಂಪ್ ನೋಡಲು ಹೋದವನು ಅವರ ಮುಖ ತಪ್ಪಿಸಿ ಬರುತ್ತಿದ್ದೆ.

ಮೂರನೆಯ ಗೆರೆ ಎಳೆಯುವಾಗ ಶಶಿಕಲಾ ಊಟಕ್ಕೆ ಬಂದು ಬಾಗಿಲಲ್ಲೇ ನಿಂತಳು.

"ಮ್ಯಾಲೆ ಹತ್ತಿ ಏನ್ ಗೆರಿ ಎಳಿಯಾಕತ್ತೀರಿ?"

ಎಲ್ಲ ಹೇಳಿದೆ. ಅವಳು ಗೆರೆಗಳ ಪಕ್ಕದ ತಾರೀಖುಗಳನ್ನು ಓದಿದಳು. ಊಟಕ್ಕೆ ಕೂತ ಮೇಲೆ, "ಈ ಮನಿ ಹ್ವಾದ್ರ ನನಗ ಭಾಳ ಸಂಕಟ ಆಕ್ಕೈತ್ರಿ" ಎಂದಳು. ಇನ್ನೊಂದು ರೊಟ್ಟಿ ಹಾಕಿ, "ಆದ್ರೂ ಇವತ್ತ ಹೇಳ್ರಿ. ನೀವ ಹೇಳ್ತೀರೋ, ನಾ ಹೇಳ್ಲೋ?" ಎಂದಳು.

ನಾಲ್ಕು ಗಂಟೆಗೆ ಕೆಳಗೆ ಹೋದೆ. ಆಂಟಿ ಜಗಲಿಯಲ್ಲಿ ಸೊಪ್ಪು ಬಿಡಿಸುತ್ತಿದ್ದರು. "ಆಂಟಿ, ನಮ್ಮ ಕ್ವಾಣಿ ಮ್ಯಾಲೆ ನೀರ ಇಳದೈತ್ರಿ. ನನ್ನ ತ್ವಾಟದ್ದ" ಎಂದೆ. ಅವರು ಕೈಯಲ್ಲಿದ್ದ ಕಟ್ಟನ್ನು ಕೆಳಗಿಟ್ಟು, ಮಂಡಿ ಹಿಡಿದುಕೊಂಡು ಎದ್ದು, ಒಂದೊಂದೇ ಮೆಟ್ಟಿಲು ಹತ್ತಿ ಬಂದರು.

ಛಾವಣಿ ನೋಡಿ, "ಇದೇನು ತಾರೀಖು?" ಎಂದರು.

"ನಾನ ಬರದೀನ್ರಿ."

"ಹನ್ನೆರಡು ದಿನದಿಂದ ಅಳತೆ ಮಾಡ್ತಿದೀರಾ. ಕೆಳಗಿಳಿದು ಬಂದು ಒಂದ್ ಮಾತು ಹೇಳೋಕಾಗ್ಲಿಲ್ವಾ?"

"ಮನಿ ಬಿಡಸ್ತೀರಂತ ಅಂಜಿದ್ನಿರಿ."

"ನೀವು ಹೇಳ್ದೇ ಇದ್ದಿದ್ರೆ ನನ್ನ ಮನೆ ಹೋಗ್ತಿತ್ತಲ್ರೀ."

ಹನ್ನೆರಡು ದಿನವೂ ನಾನು ಯೋಚಿಸಿದ್ದು ನಮ್ಮ ಮನೆ ಎಂದು. ಅದು ಅವರ ಮನೆ ಎಂಬುದು ಒಮ್ಮೆಯೂ ಮನಸ್ಸಿಗೆ ಬಂದಿರಲಿಲ್ಲ. ನಾಚಿಕೆಯಾಯಿತು.

ತಾರಸಿಗೆ ಬಂದು ಅವರು ಮಡಿಯ ಮಣ್ಣು ಚಿವುಟಿ ಬೆರಳಲ್ಲಿ ಹೊಸಕಿದರು. "ಏನ್ರೀ ಇದು, ಗೋಂದು ಇದ್ದಂಗಿದೆ?"

"ನಮ್ಮೂರ ಮಣ್ಣು ಆಂಟಿ."

ನಲ್ಲಿಯಲ್ಲಿ ಎರಡು ಸಲ ಕೈ ತೊಳೆದರೂ ಅವರ ಉಗುರಿನ ಸಂದಿಯ ಕಪ್ಪು ಹೋಗಲಿಲ್ಲ. "ನಾಳೆಯಿಂದ ಇದೆಲ್ಲಾ ಇಳಿಸಿ. ಮೇಸ್ತ್ರಿನ ಕರ್ಸಿ ತಾರಸಿ ತೋರಿಸ್ತೀನಿ. ಅಗ್ರಿಮೆಂಟ್ ಹೇಗೂ ಮುಂದಿನ ತಿಂಗಳು ಮುಗಿಯತ್ತೆ, ಅವಾಗ ನೋಡೋಣ" ಎಂದು ಇಳಿದು ಹೋದರು. ಇಲ್ಲಿ ಬಾಡಿಗೆ ಕರಾರು ಹನ್ನೊಂದೇ ತಿಂಗಳಿಗೆ. ಹೋಗಿ ಎನ್ನಲು ಅವರು ಜಗಳವನ್ನೂ ಆಡಬೇಕಿರಲಿಲ್ಲ, ಸುಮ್ಮನಿದ್ದರೆ ಸಾಕಿತ್ತು.

ಹಸಿ ಮಣ್ಣು ಹತ್ತಿಸಿದಾಗಿನದಕ್ಕಿಂತ ಎರಡು ಪಟ್ಟು ಭಾರವಾಗಿತ್ತು. ಖಾಲಿ ಸೈಟಿಗೆ ಸುರಿಯಲು ಮನಸ್ಸಾಗದೆ ಆಂಟಿಯ ಕಾಂಪೌಂಡಿನ ಒಳಗೋಡೆಯ ಪಕ್ಕ ಹಾಕಲೇ ಎಂದು ಕೇಳಿದೆ. "ಹಾಕಿ, ಗೋಡೆಗೆ ತಾಗ್ಬಾರ್ದು" ಎಂದರು. ಆಮೇಲೆ ಜೆ.ಪಿ. ನಗರಕ್ಕೆ ಹೋಗಿ ಅದೇ ಹಗುರ ಮಣ್ಣು ತಂದೆ. ನರ್ಸರಿಯವನು ಮುಖ ನೋಡಿಯೇ ಎಲ್ಲ ತಿಳಿದುಕೊಂಡನೆಂದು ಕಾಣುತ್ತದೆ. ಮೇಸ್ತ್ರಿ ಬಂದು ತಾರಸಿಯ ಬಿರುಕು ಮುಚ್ಚಿದ. ಅವನ ಮಾತಿನಂತೆ ಹೊಸ ಮಡಿಯನ್ನು ಕಾಲುಗಳ ಮೇಲೆ ಎತ್ತಿ ನಿಲ್ಲಿಸಿ, ತಳದಲ್ಲಿ ಬಸಿಯಲು ತೂತು ಬಿಟ್ಟೆ. ಮೂಲಂಗಿ ಹಾಕಿ, ಈ ಸಲ ಕೆದಕದೆ ಕಾದೆ. ಛಾವಣಿಯ ತೇವ ಮೂರನೆಯ ಗೆರೆಯಿಂದ ಎರಡನೆಯದಕ್ಕೆ, ಅಲ್ಲಿಂದ ಮೊದಲನೆಯದಕ್ಕೆ ಸರಿಯುವುದನ್ನು ದಿನಾ ಮಲಗಿ ನೋಡಿದೆ.

ಅಕ್ಟೋಬರಿನಲ್ಲಿ ಕೆಳಗಿನ ಕಪ್ಪು ಮಣ್ಣಿನಲ್ಲಿ ಏನೋ ಚಿಗುರಿತು. ಬಗ್ಗಿ ನೋಡಿದರೆ ಹಕ್ಕರಕಿ. ನಾವು ರೊಟ್ಟಿಯ ಜೊತೆ ಹಸಿಯಾಗಿ ತಿನ್ನುವ ಹಕ್ಕರಕಿ, ಯಾರೂ ಬಿತ್ತದೆ ಮಣ್ಣಿನೊಳಗೇ ಕೂತು ಬಂದಿತ್ತು. ನಾನು ನೋಡುವ ಹೊತ್ತಿಗೆ ಆಂಟಿ ಕಳೆಯೆಂದು ಅರ್ಧ ಕಿತ್ತಾಗಿತ್ತು. "ತಿನ್ನೋ ಸೊಪ್ಪಾ ಇದು?" ಎಂದು ಒಂದೆಲೆ ಬಾಯಿಗೆ ಹಾಕಿ ಮುಖ ಹಿಂಡಿದರು. ಉಳಿದದ್ದನ್ನು ಕೀಳಲಿಲ್ಲ. ಕಿತ್ತದ್ದನ್ನು ನಾನು ತೊಳೆದು ಮೇಲೆ ಒಯ್ದೆ. ಮಧ್ಯಾಹ್ನ ಶಶಿಕಲಾ ಒಂದು ತುತ್ತು ತಿಂದು ಕಣ್ಣೊರೆಸಿಕೊಂಡಳು.

ಮರುವಾರ ಆಂಟಿ ಕೆಳಗೆ ಕರೆದರು. ಮೇಜಿನ ಮೇಲೆ ಹೊಸ ಕರಾರುಪತ್ರವಿತ್ತು. ಟೈಪು ಮಾಡಿದ ಇಂಗ್ಲಿಷ್ ಸಾಲುಗಳ ಕೊನೆಗೆ, ಬೋರ್ಡಿನ ಮೇಲೆ ಬರೆದು ಪಳಗಿದ ದುಂಡು ಅಕ್ಷರದಲ್ಲಿ, ಅವರೇ ಕನ್ನಡದಲ್ಲಿ ಒಂದು ಷರತ್ತು ಸೇರಿಸಿದ್ದರು: "ಬಾಡಿಗೆದಾರರು ತಾರಸಿಯಲ್ಲಿ ತರಕಾರಿ ಬೆಳೆದುಕೊಳ್ಳಬಹುದು. ಗದಗಿನ ಮಣ್ಣನ್ನು ಮೇಲೆ ಹತ್ತಿಸತಕ್ಕದ್ದಲ್ಲ."

ಎಲ್ಲಿ ಮನಸ್ಸು ಬದಲಾಯಿಸುತ್ತಾರೋ ಎಂದು ಗಡಿಬಿಡಿಯಲ್ಲಿ ಸಹಿ ಹಾಕಿದೆ. ಮೆಟ್ಟಿಲು ಹತ್ತುವಾಗ ಮುಂದಿನ ಹನ್ನೊಂದು ತಿಂಗಳ ಊಟಗಳು ಕಣ್ಣ ಮುಂದೆ ಬಂದು ನೆಮ್ಮದಿಯಾಯಿತು. ತಾರಸಿಗೆ ಹೋಗಿ ಮೂಲಂಗಿಗೆ ನೀರು ಹಾಕುತ್ತಿದ್ದಾಗ, ನಮ್ಮೂರ ಮಣ್ಣು ಈ ಮನೆ ಹತ್ತಬಾರದು ಎಂಬ ಮಾತಿನ ಕೆಳಗೆ ನಾನೇ, ಅದೂ ಖುಷಿಯಿಂದ, ಹೆಸರು ಬರೆದು ಬಂದೆನಲ್ಲ ಎಂದು ಹೊಳೆಯಿತು.

ಈರಣ್ಣ ವಾರಕ್ಕೊಮ್ಮೆ ಫೋನ್ ಮಾಡಿ, "ನಮ್ಮ ಮಣ್ಣಾಗ ಬೆಳಿ ಹೆಂಗ್ ಬಂದೈತಿ?" ಎಂದು ಕೇಳುತ್ತಾನೆ. "ಛಲೋ ಬಂದೈತಿ" ಎನ್ನುತ್ತೇನೆ. ಇದನ್ನು ಓದುವವರಲ್ಲಿ ಅವನೂ ಇರುತ್ತಾನೆ, ಮುಂದಿನ ಸಲ ಅವನು ಕೇಳಿದರೆ ಏನು ಹೇಳಲಿ ಎಂಬುದೇ ಈಗಿನ ನನ್ನ ಚಿಂತೆ.