ಗಾರ್ಡಮ್ಮನ ಚುಕ್ಕಿ

ಚೌಳಹಿರಿಯೂರಿನಿಂದ ಮದುವೆಯಾಗಿ ಬೀರೂರಿನ ರೈಲ್ವೆ ಕ್ವಾರ್ಟರ್ಸಿಗೆ ಬಂದಾಗ ನನಗೆ ಮೊದಲು ಮಾತಿಗೆ ಸಿಕ್ಕವರು ಪಕ್ಕದ ಮನೆಯವರು. ರೈಲು ಗಾರ್ಡೊಬ್ಬರ ಹೆಂಡತಿ, ಎಲ್ಲರಿಗೂ ಗಾರ್ಡಮ್ಮ. ಅವರ ಸೆರಗಿನ ತುದಿಯಲ್ಲಿ ಸದಾ ಒಂದು ಗಂಟು, ಅದರೊಳಗೆ ರಂಗೋಲಿ ಪುಡಿ. ನಾನು ಅಂಗಳದಲ್ಲಿ ಅವಸರಕ್ಕೆ ಗೆರೆ ಎಳೆದರೆ ಗದರುವರು: "ಚುಕ್ಕಿ ಇಡದೆ ಕೈ ಆಡಿಸಬ್ಯಾಡ ಕಣೇ."

ರೈಲ್ವೆ ಕ್ಲಬ್ಬಿನಲ್ಲಿ ಉದ್ದನೆಯ ಹಲಗೆಹಾಸು, ಅದರ ಕೊನೆಯಲ್ಲಿ ಹತ್ತು ಮರದ ಗೂಟ. ಗುಂಡು ಉರುಳಿಸಿ ಅವನ್ನು ಕೆಡವುವ ಆಟ ಗಂಡಸರದು. ಹೆಂಗಸರು ಬೆಂಚಿನ ಮೇಲೆ ಕೂತು ನೋಡಬೇಕು. ಒಂದು ಹಬ್ಬದ ಮಧ್ಯಾಹ್ನ ಗಾರ್ಡಮ್ಮ ಬೆಂಚಿನಿಂದೆದ್ದು, ಸೆರಗು ಸಿಕ್ಕಿಸಿ, ಗುಂಡು ಎತ್ತಿಕೊಂಡರು. ಅವರ ಗಂಡ ಕೆಮ್ಮಿದರು. ಗಾರ್ಡಮ್ಮ ತಿರುಗಲಿಲ್ಲ.

ಮೊದಲ ಗುಂಡು ಗೂಟ ಮುಟ್ಟದೆ ಹಲಗೆಹಾಸಿನ ಅಂಚಿನ ತಗ್ಗಿಗೆ ಜಾರಿತು. ಗಂಡಸರು ನಕ್ಕರು.

"ಗೂಟ ನೋಡಿ ಹಾಕಮ್ಮ," ಅಂದರು ಕ್ಲಬ್ಬಿನ ಸೆಕ್ರೆಟರಿ.

"ಅದನ್ನ ನೋಡೇ ಕೆಟ್ಟಿದ್ದು."

ಗಾರ್ಡಮ್ಮ ಗಂಟು ಬಿಚ್ಚಿದರು. ನಾಲ್ಕು ಹೆಜ್ಜೆ ಮುಂದೆ ಹಲಗೆಯ ಮೇಲೆ ಒಂದು ಚುಕ್ಕಿ ಇಟ್ಟು, ಹಿಂದಕ್ಕೆ ಬಂದು, ಅದನ್ನೇ ನೋಡುತ್ತ ಗುಂಡು ಬಿಟ್ಟರು. ಎಂಟು ಗೂಟ ಉರುಳಿದವು.

"ಹಲಗೆ ಗಲೀಜು ಮಾಡಬಾರದು" ಎಂದು ಸೆಕ್ರೆಟರಿ ಬೂಟುಗಾಲಿನಿಂದ ಚುಕ್ಕಿಯನ್ನು ಉಜ್ಜಿ ಅಳಿಸಿ, ಅಲ್ಲೇ ನಿಂತರು. ರಂಗೋಲಿಯನ್ನು ಬೇಕಂತಲೇ ತುಳಿದವರನ್ನು ನಾವು ಅವತ್ತಿನವರೆಗೆ ನೋಡಿರಲಿಲ್ಲ.

ಗಾರ್ಡಮ್ಮ ಮತ್ತೊಂದು ಗುಂಡು ಎತ್ತಿಕೊಂಡರು. ಸೆರಗಿನ ಗಂಟಿಗೆ ಕೈ ಹಾಕಲಿಲ್ಲ.

"ಇನ್ನೂ ಉಜ್ಜಿ ಸ್ವಾಮಿ. ಎಲ್ಲಿತ್ತು ಅಂತ ನನ್ನ ಕಣ್ಣಿಗೆ ಗೊತ್ತು. ಉಜ್ಜಿ ಆಯ್ತಾ? ಈಗ ಕಾಲು ತೆಗೀರಿ."