ಅವ್ವ ತುಂಬಿಟ್ಟ ಬಾಟಲಿ

ಶೀಳನೆರೆ ಸುತ್ತ ಯಾವ ಮನೆಯಲ್ಲಿ ಮಗು ಹುಟ್ಟಿದರೂ ನೀರು ಹಾಕುವುದಕ್ಕೆ ನಮ್ಮವ್ವ ಚಿಕ್ಕಬೋರಮ್ಮನೇ ಬೇಕು. ಕಾಲು ನೀಡಿ ಕೂತು ಬಿಸಿನೀರು ಹುಯ್ದರೆ ಎಂಥ ರಚ್ಚೆಯ ಕೂಸೂ ಕಣ್ಣು ಮುಚ್ಚುತ್ತಿತ್ತು. ಅವಳ ಚೊಚ್ಚಲ ಮಗ, ನನ್ನ ಅಣ್ಣ, ಭೇದಿ ಹತ್ತಿ ಸತ್ತನಂತೆ. ಆಮೇಲೆ ಯಾರ ಮಗುವಿಗೆ ಭೇದಿಯಾದರೂ ಇವಳು ದಾಳಿಂಬೆ ಸಿಪ್ಪೆಯ ಕಷಾಯ ಹಿಡಿದು ಓಡುವಳು. ಅಂಥವಳ ಕೈಗೆ ಮಗಳನ್ನು ಕೊಟ್ಟು ನಾನು ಕೆ.ಆರ್.ಪೇಟೆಯ ಬಟ್ಟೆ ಅಂಗಡಿಗೆ ಕೆಲಸಕ್ಕೆ ಹೋಗುತ್ತಿದ್ದೆ. ಇನ್ಯಾರನ್ನು ನಂಬಬೇಕಿತ್ತು, ಹೇಳಿ?

ನನ್ನ ಮಗಳು ಮೇಘನಳಿಗೆ ಲಿವರ್ ಕಾಯಿಲೆ. ಮೈಸೂರಿನ ಡಾಕ್ಟರು ಒಂದು ಸಿಹಿ ಸಿರಪ್ಪು ಕೊಟ್ಟು ಅವ್ವನ ಎದುರಿಗೇ ಹೇಳಿದ್ದರು: "ಇದರಿಂದ ಮೆತ್ತಗೆ ಭೇದಿ ಥರ ಆಗುತ್ತೆ, ಆಗಲೇಬೇಕು. ವಿಷ ಹೊರಗೆ ಹೋಗೋದೇ ಹಾಗೆ. ನಿಂತರೆ ಮೆದುಳಿಗೆ ಏರುತ್ತೆ." ಅವ್ವ ತಲೆಯಾಡಿಸಿದ್ದಳು.

ದೀಪಾವಳಿ ಕಳೆದ ಮೇಲೆ ಹುಡುಗಿ ಹಗಲೆಲ್ಲ ತೂಕಡಿಸತೊಡಗಿದಳು. ಬರೆಯಲು ಕೂತರೆ ಕೈ ನಡುಗಿ ಅಕ್ಷರ ಒಂದರ ಮೇಲೊಂದು ಬೀಳುತ್ತಿದ್ದವು. ಒಂದು ಬೆಳಿಗ್ಗೆ ಚಪ್ಪಲಿಯನ್ನು ಊಟದ ತಟ್ಟೆಗೆ ಹಾಕಿಕೊಂಡು ಕೂತಿದ್ದಳು. ಅವಳನ್ನು ಎತ್ತಿಕೊಂಡು ಅವ್ವನ ಜೊತೆ ಮೈಸೂರಿಗೆ ಓಡಿದೆ. ದಾರಿಯಲ್ಲೇ ಹುಡುಗಿಗೆ ಪ್ರಜ್ಞೆ ತಪ್ಪಿತು.

"ಸಿರಪ್ಪು ನಿಲ್ಲಿಸಿದ್ರಾ?" ಎಂದರು ಡಾಕ್ಟರು.

"ಒಂದೊತ್ತೂ ಬುಟ್ಟಿಲ್ಲ ಸಾರ್, ನಾನೇ ಅಳೆದು ಕುಡಿಸಿವ್ನಿ," ಎಂದು ಬಾಟಲಿ ತೆಗೆದುಕೊಟ್ಟೆ.

ನರ್ಸು ಬಗ್ಗಿಸಿ ನೋಡಿದಳು, ಮೂಸಿದಳು. "ಇದು ಬೆಲ್ಲದ ಪಾಕ ಅಲ್ವೇನ್ರೀ?"

ಅವ್ವ ಸೆರಗನ್ನು ಬಾಯಿಗೆ ಒತ್ತಿಕೊಂಡಳು. "ಭೇದಿಯಾಗಿ ಮಗು ಅಂಗೆ ಸೊರಗೋದ್ನ ನೋಡಕ್ಕಾಗ್ಲಿಲ್ಲ ಕಣೆ ಪ್ರಮೀಳಾ. ಅದುನ್ನ ಚೆಲ್ಬುಟ್ಟು ಪಾಕ ತುಂಬಿಟ್ಟೆ."

"ಬ್ಯಾಡ ಅನ್ನಂಗಿದ್ರೆ ನನ್ ಮುಂದೆ ಅನ್ಬೇಕಿತ್ತು ಕಣವ್ವ! ನನ್ ಕೈಲೇ ಕುಡಿಸ್ಬುಟ್ಯಲ್ಲಾ, ನನ್ ಕೈಲೇ!"

ಹೊಡೆದಿದ್ದರೆ ಸಹಿಸುತ್ತಿದ್ದೆ. ಹೆತ್ತವಳೇ ನಂಬಿಸಿ ಕತ್ತು ಕೊಯ್ದಳಲ್ಲ! ಇನ್ನು ಮಗುವಿನ ಮುಖ ನೋಡಬೇಡ ಎಂದು ಅಲ್ಲಿಂದಲೇ ಊರಿಗೆ ಅಟ್ಟಿದೆ. ತಿರುತಿರುಗಿ ನೋಡುತ್ತಾ ಹೋದಳು. ನನಗೆ ಕನಿಕರ ಹುಟ್ಟಲಿಲ್ಲ.

ಕೆಲವು ದಿನಗಳಾದ ಮೇಲೆ ಮೇಘನ ಕಣ್ಣು ಬಿಟ್ಟಳು. ಡಾಕ್ಟರು ನನ್ನನ್ನು ತೋರಿಸಿ, "ಇವರು ಯಾರು ಪುಟ್ಟಿ?" ಎಂದರು. ದಿಟ್ಟಿಸಿ ನೋಡಿದಳು. ಹೆದರಿ ಗೋಡೆಯ ಕಡೆಗೆ ಸರಿದು ಅಳತೊಡಗಿದಳು. "ಅಜ್ಜಿ ಬೇಕು. ನಮ್ಮಜ್ಜೀನ ಕರೀರಿ."

"ಗುರುತು ನಿಧಾನಕ್ಕೆ ಬರಬಹುದು," ಎಂದರು ಡಾಕ್ಟರು. "ಸದ್ಯಕ್ಕೆ ಯಾರನ್ನ ಕೇಳ್ತಾಳೋ ಅವರನ್ನ ಕರೆಸಿ."

ಹಲ್ಲು ಕಚ್ಚಿಕೊಂಡು ಅವ್ವನಿಗೆ ಫೋನು ಮಾಡಿದೆ.

"ಬಾ," ಎಂದೆ. "ನಿನ್ನೇ ಕೇಳ್ತಾವ್ಳೆ."